ಹಸಿ ನೆಲದ ನಡುವೆ ಮೇಷ್ಟ್ರು

ಪೇಂಟ್ ಮೇಷ್ಟ್ರಿಗೆ ಜನರೆಂದರೆ ಆಗದು ಎಂದಲ್ಲ. ಕೆಲಸದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಉಸಿರಾಡಬಾರದು, ಅಷ್ಟೇ. ಅಂಥವರ ಕೊರಳಿಗೇ ತರಬೇತಿ ಶಾಲೆಯ ಪ್ರಾಂಶುಪಾಲರು 'ಕೂಡಿ ದುಡಿಯುವ ತರಗತಿ'ಯನ್ನು ಕಟ್ಟಿದ್ದರು. ಕೆಲಸಕ್ಕೆ ಸೇರಿದ ಹುಡುಗರು ಜೊತೆಯವರೊಡನೆ ಜಗಳವಾಡಿ ವಾರದೊಳಗೆ ವಾಪಸು ಬರುತ್ತಿದ್ದರಂತೆ.

"ಇವತ್ತು ಕಂಟ್ರಾಕ್ಟರ್ ಬರ್ತಾರೆ. ನಿಮ್ಮ ತರಗತಿಯ ನಾಲ್ಕೂ ವಿದ್ಯಾರ್ಥಿಗಳನ್ನ ಅವರು ಕೆಲಸಕ್ಕೆ ತಗೊಂಡ್ರೆ ನಿಮ್ಮನ್ನ ಈ ತರಗತಿಯಿಂದ ಬಿಟ್ಬಿಡ್ತೀನಿ. ಬೋರ್ಡ್ ಬರೆಯೋ ಕೋಣೆ ನಿಮಗೇ," ಎಂದರು ಪ್ರಾಂಶುಪಾಲರು.

ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಅಕ್ಷರ ಬರೆಯುವ ಕೋಣೆ! ಮೇಷ್ಟ್ರ ಬಾಯಲ್ಲಿ ನೀರೂರಿತು.

ಪರೀಕ್ಷೆಗೆ ಸಿಕ್ಕಿದ್ದು ಸಭಾಂಗಣದ ಸಿಮೆಂಟ್ ನೆಲ. ಅದಕ್ಕೆ ಹಸಿರು ಬಣ್ಣ ಬಳಿಯಬೇಕು. "ಇಲ್ಲಿ ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ. ಒಬ್ಬೊಬ್ಬರು ಒಂದೊಂದು ಮೂಲೆ ಹಿಡೀರಿ, ಬಳೀತಾ ಹಿಂದಕ್ಕೆ ಸರೀತಾ ನಡುವಿಗೆ ಬನ್ನಿ," ಎಂದು ಅಪ್ಪಣೆ ಕೊಟ್ಟ ಮೇಷ್ಟ್ರು ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತರು.

ಆಮೇಲೆ ನೋಡಬೇಕಿತ್ತು ಆ ಒಗ್ಗಟ್ಟನ್ನು! "ಅಕ್ಕಾ, ಬಣ್ಣ ಖಾಲಿಯಾಯ್ತಾ? ನಂದು ತಗೋ." "ಉದ್ದಣ್ಣ, ನಿನ್ನ ಸೊಂಟ ಹಿಡಿಯುತ್ತೆ, ನಿನ್ನ ಪಾಲು ನಾನು ಬಳೀತೀನಿ." ಮೇಷ್ಟ್ರು ಮೈಮರೆತು ನೋಡುತ್ತಲೇ ಇದ್ದರು. ನಾಲ್ಕೂ ಬೆನ್ನು ಬಂದು ಕುರ್ಚಿಗೆ ತಾಗಿದಾಗಲೇ ಅವರಿಗೆ ಎಚ್ಚರವಾದದ್ದು. ಬಾಗಿಲಿನವರೆಗೆ ಕಾಲಿಡಲು ಅಂಗೈಯಗಲ ಒಣ ಜಾಗವೂ ಉಳಿದಿರಲಿಲ್ಲ.

ಕಿಟಕಿಯಲ್ಲಿ ಕ್ಯಾಂಟೀನಿನ ಅಡುಗೆಯವನ ಮುಖ ಕಂಡಿತು. "ಹಾರಿಬಿಡಿ ಮೇಷ್ಟ್ರೇ!"

"ಸುಮ್ನಿರಯ್ಯ, ಅವರು ಹಾರಿದ್ರೂ ಹೊಟ್ಟೆ ಅಲ್ಲೇ ಉಳಿಯುತ್ತೆ," ಎಂದ ಪಕ್ಕದಲ್ಲಿದ್ದ ಗುಮಾಸ್ತ. "ಹಲಗೆ ಹಾಕ್ತೀನಿ ತಾಳಿ."

ಬೇಡ ಬೇಡ ಎನ್ನುವಷ್ಟರಲ್ಲಿ ಹಲಗೆ ಅವನ ಕೈಜಾರಿ ಬಣ್ಣದ ಡಬ್ಬದ ಮೇಲೆ ದಬಾರೆಂದು ಬಿತ್ತು. ಮೇಷ್ಟ್ರ ಅಂಗಿ, ಮೀಸೆ, ಕನ್ನಡಕ ಎಲ್ಲವೂ ಹಸಿರಾದವು. ಸರಿಯಾಗಿ ಅದೇ ಗಳಿಗೆಗೆ ಪ್ರಾಂಶುಪಾಲರ ಜೊತೆ ಕಂಟ್ರಾಕ್ಟರ್ ಬಾಗಿಲಲ್ಲಿ ಬಂದು ನಿಂತರು.

"ಏನ್ರೀ ಇದು ಅವತಾರ?" ಎಂದರು ಕಂಟ್ರಾಕ್ಟರ್.

"ತಪ್ಪು ನಂದು ಸಾರ್, ಬಾಗಿಲ ಕಡೆ ಬಳಿದಿದ್ದು ನಾನು," ಎಂದ ಉದ್ದಣ್ಣ.

"ಇಲ್ಲ ಸಾರ್, ಬೇಗ ಬೇಗ ಅಂತ ಅವನಿಗೆ ಅವಸರ ಮಾಡಿದ್ದು ನಾನು," ಎಂದಳು ಎಡಗೈಯಲ್ಲಿ ಬ್ರಷ್ ಹಿಡಿದಿದ್ದ ಹುಡುಗಿ. ಉಳಿದಿಬ್ಬರೂ ತಪ್ಪು ತಮ್ಮದೇ ಎಂದು ಪಟ್ಟು ಹಿಡಿದರು. ಮೇಷ್ಟ್ರು ಕೊಟ್ಟ ಅಪ್ಪಣೆಯ ಮಾತನ್ನು ಮಾತ್ರ ಒಬ್ಬರೂ ಎತ್ತಲಿಲ್ಲ.

ಕಂಟ್ರಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಹತ್ರ ಇರೋರೆಲ್ಲ ತಪ್ಪು ಅವನದು ಅಂತ ಬೆರಳು ತೋರಿಸೋರೇ. ನೀವು ನಾಲ್ಕೂ ಜನ ನಾಳೆನೇ ಬನ್ನಿ!"

ಕೋಣೆ ಸಿಕ್ಕಿತು! ಆಗ ಬಾಯಿ ಮುಚ್ಚಿಕೊಂಡಿದ್ದರೆ ಮೇಷ್ಟ್ರು ಗೆದ್ದಂತೆಯೇ. ಆದರೆ ಈ ಮಕ್ಕಳ ಮೇಲೆ ಅವರಿಗೆ ಎಂದೂ ಇಲ್ಲದ ಮಮತೆ ಉಕ್ಕಿ ಬಂದಿತ್ತು. ಎದ್ದು ನಿಂತರು.

"ಮಕ್ಕಳದ್ದೇನೂ ತಪ್ಪಿಲ್ಲ ಸ್ವಾಮಿ. ಮೂಲೆಯಿಂದ ಶುರು ಮಾಡಿ ಅಂದಿದ್ದು ನಾನೇ!"

ಕಂಟ್ರಾಕ್ಟರ್ ಕಣ್ಣರಳಿಸಿ ಪ್ರಾಂಶುಪಾಲರ ಕಡೆ ತಿರುಗಿದರು. "ಹುಡುಗರು ಇದನ್ನ ಯಾರಿಂದ ಕಲಿತರು ಅಂತ ಈಗ ಗೊತ್ತಾಯ್ತು ಮೇಡಂ. ಇಂಥ ಮೇಷ್ಟ್ರನ್ನ ಕೈ ಬಿಡಬೇಡಿ."

"ಬಿಡೋದುಂಟೇ?" ಎಂದರು ಪ್ರಾಂಶುಪಾಲರು ಹಿಗ್ಗಿನಿಂದ. "ಹೊಲಿಗೆಯವರು, ಮರಗೆಲಸದವರು, ನಲ್ಲಿ ಕೆಲಸದವರು, ಎಲ್ಲರನ್ನೂ ನಾಳೆಯಿಂದ ಇವರ ತರಗತಿಗೇ ಹಾಕ್ತೀನಿ!"

ನಾಲ್ವರೂ ಮೇಷ್ಟ್ರನ್ನು ಸಂತೋಷದಿಂದ ತಬ್ಬಿಕೊಂಡರು. ಅವರೂ ನಕ್ಕರು, ನಗದೆ ಇನ್ನೇನು ಮಾಡಿಯಾರು? ಓಡಿಹೋಗೋಣವೆಂದರೆ ಸುತ್ತಲೂ ಬಣ್ಣ ಇನ್ನೂ ಹಸಿ.