ನರಸಮ್ಮ ಹಾಕಿದ ಗಂಟು

ಕುಪ್ಪುಸ್ವಾಮಿಯ ಸೊಂಟ ದೊಡ್ಡದು, ಚಿಕ್ಕಮುನಿಯಪ್ಪನದು ಸಣ್ಣದು. ಆ ದಿನದ ಸಂಕಟಕ್ಕೆಲ್ಲ ಮೂಲ ಇಷ್ಟೇ.

ನಂದಿದುರ್ಗ ಚಿನ್ನದ ಗಣಿಯ ಆಫೀಸಿನಿಂದ ಬಂಗಾರಪೇಟೆ ಸ್ಟೇಷನ್ನಿಗೆ ದಿನವೂ ಸೈಕಲ್ಲಿನ ಮೇಲೆ ಟಪ್ಪಾಲು ಚೀಲ ಒಯ್ಯುತ್ತಿದ್ದವನು ಕುಪ್ಪುಸ್ವಾಮಿ. ಅವನಿಗೆ ವಯಸ್ಸಾಗಿತ್ತು. ಆ ಜಾಗಕ್ಕೆ, ಗಣಿಯೊಳಗೆ ಇಳಿಯುತ್ತಿದ್ದ ಚಿಕ್ಕಮುನಿಯಪ್ಪನನ್ನು ಒಂದು ದಿನ ಓಡಿಸಿ ನೋಡೋಣವೆಂದು ಹೆಡ್ ಗುಮಾಸ್ತ ಶ್ರೀನಿವಾಸಪ್ಪನವರು ಒಪ್ಪಿದ್ದರು. ಚೀಲ ರೈಲು ಹತ್ತಿದರೆ ಕೆಲಸ ಅವನದು. ಹತ್ತದಿದ್ದರೆ ಮತ್ತೆ ನೆಲದೊಳಕ್ಕೆ.

ನೆಲದೊಳಕ್ಕೆ ಎಂಬ ಮಾತು ಕಿವಿಗೆ ಬಿದ್ದರೆ ಅವನ ತಾಯಿ ನರಸಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿಬಿಡುತ್ತಿದ್ದಳು. ಅವಳ ಗಂಡ ಆ ಕಲ್ಲಿನ ಧೂಳು ಕುಡಿದು ಕುಡಿದು, ಕೆಮ್ಮಿ ಕೆಮ್ಮಿ ಹೋದವನು. ಈಚೆಗೆ ಬೆಳಗಿನ ಜಾವ ಮಗನೂ ಕೆಮ್ಮುವುದು ಅವಳಿಗೆ ಕೇಳಿಸುತ್ತಿತ್ತು. ಲೋಕದ ತಾಯಂದಿರೆಲ್ಲ ಮಕ್ಕಳಿಗೆ ನೆರಳು ಬೇಡಿದರೆ, ಈ ತಾಯಿ ಮಾರಿಯಮ್ಮನ ಮುಂದೆ ನಿಂತು ಬಿಸಿಲು ಬೇಡಿದ್ದಳು.

ಆದರೆ ಟಪ್ಪಾಲಿನವನು ಪಂಚೆ ಉಡುವಂತಿರಲಿಲ್ಲ, ಚೈನಿಗೆ ಸಿಕ್ಕುತ್ತದೆ. ಖಾಕಿ ನಿಕ್ಕರೇ ಆಗಬೇಕು. ಕೆಲಸ ಖಾಯಂ ಆಗುವವರೆಗೆ ಹೊಸದು ಹೊಲಿಸಿಕೊಡುವ ಪದ್ಧತಿ ಆಫೀಸಿನಲ್ಲಿ ಇರಲಿಲ್ಲ. ಹೀಗಾಗಿ ಕುಪ್ಪುಸ್ವಾಮಿಯ ನಿಕ್ಕರು ಬೆಳಗಾಗುತ್ತಲೇ ಚಿಕ್ಕಮುನಿಯಪ್ಪನ ಮನೆಗೆ ಬಂತು. ಅದರೊಳಗೆ ಇಳಿದು ನಿಂತಾಗ ಅವನು ಬಾವಿಯೊಳಗೆ ಬಿಟ್ಟ ಬಿಂದಿಗೆಯಂತೆ ಕಂಡ. ಕೈ ಬಿಟ್ಟ. ನಿಕ್ಕರು ನೆಲ ಕಂಡಿತು.

ಗಣಿ ಕೂಲಿಯವರ ಲೈನು ಮನೆಗಳಲ್ಲಿ ಒಬ್ಬನ ಕಷ್ಟ ಒಬ್ಬನದಾಗಿ ಉಳಿಯುವುದಿಲ್ಲ. ಮೊದಲು ಕುಪ್ಪುಸ್ವಾಮಿಯೇ ಬಂದ.

"ಎನ್ನ ತಂಬಿ, ಇಷ್ಟಕ್ಕೇ ಮುಖ ಸಣ್ಣದು ಮಾಡ್ತೀಯಾ? ನನ್ನ ಬೆಲ್ಟ್ ಇದೆಯಲ್ಲಪ್ಪಾ!"

ಬೆಲ್ಟು ಎತ್ತಿನ ಕೊರಳಪಟ್ಟಿಯಷ್ಟು ಅಗಲವಿತ್ತು. ಬಿಗಿದುಕೊಂಡು ನಿಂತರೆ ಗಂಭೀರವಾಗಿಯೇ ಇತ್ತು. ಸೈಕಲ್ ಹತ್ತಿ ಮುಂದಕ್ಕೆ ಬಗ್ಗಿದ ಕೂಡಲೇ ಅದರ ಹಿತ್ತಾಳೆ ಕೊಂಡಿ ಹೊಟ್ಟೆಯಲ್ಲಿದ್ದ ರಾಗಿ ಮುದ್ದೆಯನ್ನು ಹುಡುಕಿಕೊಂಡು ಹೋಯಿತು.

"ಉಸಿರು ಆಡ್ತಿಲ್ಲ ಕಣಣ್ಣ," ಎಂದ ಚಿಕ್ಕಮುನಿಯಪ್ಪ.

ಎದುರು ಮನೆಯ ಆಂಜಿನಪ್ಪ ಅವನ ಜೊತೆಯಲ್ಲೇ ಗಣಿಗೆ ಇಳಿಯುವವನು. ಅವನು ಒಳಗೆ ಓಡಿ ಗ್ಯಾಲಿಸ್ ತಂದ. ಹೆಗಲಿಂದ ನಿಕ್ಕರನ್ನು ತೂಗುಹಾಕುವ ಎರಡು ಪಟ್ಟಿ.

"ದೊರೆಗಳು ಆಕ್ಕೊಳ್ಳೋದು ಕಣ್ಲಾ. ರಾಬರ್ಟ್‌ಸನ್‌ಪೇಟೇಲಿ ತಗೊಂಡಿದ್ದು. ಇದು ಬಿದ್ರೆ ನನ್ನ ಮೀಸೆ ಬೋಳಿಸು."

"ಬಗ್ಗಿ ತೋರ್ಸು ಚಿಕ್ಕಮುನಿ, ಬಗ್ಗು!" ಎಂದರು ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರು. ಬಗ್ಗಿದ. ಪಟ್ಟಿಗಳು ಸಡಿಲವಾದವು. ಪೆಡಲು ತುಳಿದ. ಒಂದು ಹೆಗಲಿನದು ಜಾರಿತು. ನಿಕ್ಕರು ಎಡಗಡೆ ಏರಿದರೆ ಬಲಗಡೆ ಇಳಿಯುತ್ತ, ಸಂತೆಯ ತಕ್ಕಡಿಯಂತೆ ತೂಗತೊಡಗಿತು.

ಆಂಜಿನಪ್ಪ ಮೀಸೆಯ ಮಾತು ಎತ್ತದೆ, ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ತಂದ. ರಬ್ಬರು ನಿಕ್ಕರನ್ನು ಹಿಡಿಯಿತು. ಹೊಟ್ಟೆಯ ಮೇಲಿನ ಕೂದಲನ್ನೂ ಹಿಡಿಯಿತು. ಚಿಕ್ಕಮುನಿಯಪ್ಪನ ಕಣ್ಣಲ್ಲಿ ನೀರು ಬಂತು.

ಆಗ ನರಸಮ್ಮ ಹೊರಗೆ ಬಂದಳು. "ಪಕ್ಕಕ್ಕೆ ಸರ್ಕಳ್ರಿ ಎಲ್ಲಾರೂ. ಲೇ ಮಗ, ಕೂಸಾಗಿದ್ದಾಗಿಂದ ನಿನ್ನ ಸೊಂಟದಾಗೆ ಒಂದು ದಾರ ಐತಲ್ಲ, ಅದು ಯಾವತ್ತಾನ ನೋಯ್ತೇನ್ಲಾ?"

"ಇಲ್ಲಮ್ಮ."

"ಮತ್ತೆ ಊರೋರ ಸೊಂಟದ್ದೆಲ್ಲ ಯಾಕ್ಲಾ ನಿಂಗೆ?"

ಅವಳು ನಿಕ್ಕರಿನ ಅಂಚನ್ನು ಮಗನ ಉಡಿದಾರದ ಕೆಳಗಿಂದ ಮೇಲೆ ತಂದು, ದಾರವನ್ನೇ ಒಳಗಿಟ್ಟು ಸಿಂಬಿಯಂತೆ ಸುತ್ತಿದಳು. ಸುರುಳಿಯೊಳಗೆ ಮಾರಿಯಮ್ಮನ ಗುಡಿಯ ಬೇವಿನೆಲೆ ಇಟ್ಟಳು. ನೂಲನ್ನು ನೀರಲ್ಲಿ ಅದ್ದಿ, ಉಡಿದಾರಕ್ಕೆ ಹೆಣೆದು, ಸುತ್ತಲೂ ಗಂಟು ಹಾಕಿದಳು. ತನ್ನ ತವರಿನಲ್ಲಿ ರಾಗಿ ಮೂಟೆಯ ಬಾಯಿಗೆ ಹಾಕುತ್ತಿದ್ದ ಗಂಟು. ಚಿಕ್ಕಮುನಿಯಪ್ಪ ಕುಳಿತ, ಎದ್ದ, ಬಗ್ಗಿದ. ನಿಕ್ಕರು ಇದೆಯೆಂಬುದೇ ಮರೆತುಹೋಯಿತು. ನಿಜವಾದ ಸುಖ ಹಾಗೆಯೇ, ಇರುವಾಗ ತಿಳಿಯುವುದಿಲ್ಲ.

ಆಫೀಸಿಗೆ ಹೋಗಿ ಚೀಲ ಪಡೆದು, ಸೈಕಲ್ಲಿಗೆ ಕಟ್ಟಿ, ಅವನು ಗಣಿಯ ಗೇಟಿಗೆ ಬಂದ. ಹೊರಗೆ ಹೋಗುವವರ ಪ್ರತಿಯೊಂದು ಮಡಿಕೆಯನ್ನೂ ಬಿಚ್ಚಿ ನೋಡುವುದು ಅಲ್ಲಿಯ ನಿಯಮ. ಚಿನ್ನದ ಕಲ್ಲಿನ ಚೂರಿಗೆ ಕಾಲಿಲ್ಲದಿದ್ದರೂ ಅದು ಬಹಳ ದೂರ ನಡೆಯುತ್ತದೆ. ಕಾವಲಿಗಿದ್ದವನು ವೆಂಕಟರಾಯಪ್ಪ. ಕೈ ಆಡಿಸುತ್ತ ಬಂದು ಸೊಂಟದ ಹತ್ತಿರ ನಿಂತ.

"ಏನಣ್ಣ ಇದು, ಏಳುಸುತ್ತಿನ ಕೋಟೆ? ಬಿಚ್ಚು."

ಚಿಕ್ಕಮುನಿಯಪ್ಪ ಗಂಟಿಗೆ ಕೈ ಹಾಕಿದ. ಒಣಗಿದ ನೂಲು ಕಲ್ಲಾಗಿತ್ತು. ಉಗುರು ಮುರಿಯಿತು, ಗಂಟು ಮಿಸುಕಲಿಲ್ಲ. ಬೆಳಗಿನಿಂದ ಬೇಡವೆಂದಾಗಲೆಲ್ಲ ಬಿದ್ದ ನಿಕ್ಕರು, ಈಗ ಬೀಳಲೆಂದು ಅವನು ಕೈ ಮುಗಿದರೂ ಬೀಳದು.

"ಬಿಚ್ಚಕ್ಕೆ ಬತ್ತಿಲ್ಲ ಕಣಣ್ಣ. ರೈಲಿಗೆ ಒತ್ತಾಯ್ತದೆ, ಬಿಟ್ಬಿಡು."

"ಬಿಚ್ಚಕ್ಕೆ ಬರದಂಗೆ ಕಟ್ಟಿದೀಯಾ ಅಂದ್ರೆ ಒಳಗೆ ಏನೋ ಐತೆ," ಎಂದು ವೆಂಕಟರಾಯಪ್ಪ ಚೂರಿ ತೆಗೆದ. ಗಂಟಿನ ಹತ್ತಿರ ತಂದ. ಪದ್ಯದ ಕೊನೆಯ ಸಾಲಿಗೆ ಬಂದು ಉಸಿರು ಹಿಡಿದ ಗಮಕಿಯಂತೆ, ಅಲ್ಲೇ ನಿಂತ.

"ಇದು... ಉಡಿದಾರನಾ?"

"ಊಂ."

ಆ ಸೀಮೆಯಲ್ಲಿ ಗಂಡಸಿನ ಉಡಿದಾರಕ್ಕೆ ಕತ್ತಿ ತಾಗಿಸುವುದು ಒಂದೇ ಸಲ, ಅವನನ್ನು ಕೊನೆಯದಾಗಿ ಮಲಗಿಸಿದ ಮೇಲೆ. ವೆಂಕಟರಾಯಪ್ಪ ಚೂರಿಯ ಹಿಡಿಯನ್ನು ಅವನ ಕಡೆಗೇ ತಿರುಗಿಸಿದ.

"ನಾನು ಮಕ್ಕಳೊಂದಿಗ ಕಣಪ್ಪಾ. ನೀನೇ ಕೊಯ್ಕೊ."

"ನಮ್ಮವ್ವ ಇನ್ನೂ ಬದುಕವಳೆ ಕಣಣ್ಣ."

ಸುತ್ತ ನೆರೆದವರಲ್ಲಿ ಚೂರಿ ಒಂದು ಕೈಯಿಂದ ಒಂದು ಕೈಗೆ ಹೋಗಿ, ಪ್ರಸಾದವಲ್ಲದ್ದರಿಂದ ಯಾರೂ ಇಟ್ಟುಕೊಳ್ಳದೆ, ಮತ್ತೆ ವೆಂಕಟರಾಯಪ್ಪನಿಗೇ ಬಂತು. ಕೊನೆಗೆ, ಪಾಳಿಗೆಂದು ಬಂದಿದ್ದ ಆಂಜಿನಪ್ಪ ಓಡಿಹೋಗಿ ನರಸಮ್ಮನನ್ನು ಕರೆತಂದ. ಅವಳ ಕೈಯಲ್ಲಿ ಮೂಟೆ ಹೊಲಿಯುವ ದಬ್ಬಣವಿತ್ತು.

"ಬದುಕಿರೋ ಮಗನ ಉಡಿದಾರಕ್ಕೆ ಚೂರಿ ತಂದೋನು ಯಾವನ್ಲಾ?"

ವೆಂಕಟರಾಯಪ್ಪ ಚೂರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವಳು ದಬ್ಬಣದ ತುದಿಯಿಂದ ಗಂಟುಗಳನ್ನು ಒಂದೊಂದಾಗಿ, ಕೂಸಿಗೆ ತಲೆ ಬಾಚುವಷ್ಟು ನಿಧಾನವಾಗಿ ಬಿಡಿಸಿದಳು. ಸುರುಳಿ ಬಿಚ್ಚಿತು. ಬೇವಿನೆಲೆ ಉದುರಿತು. ಬೇರೇನೂ ಇರಲಿಲ್ಲ.

"ತಡಿ ಮಗ, ಇನ್ನೊಂದು ಗಂಟು..."

"ರೈಲು ಓಯ್ತದೆ ಕಣಮ್ಮ!"

ಚಿಕ್ಕಮುನಿಯಪ್ಪ ಎಡಗೈಯಲ್ಲಿ ನಿಕ್ಕರು, ಬಲಗೈಯಲ್ಲಿ ಹ್ಯಾಂಡಲು ಹಿಡಿದು ಹೊರಟ. ಬ್ರೇಕು ಹಿಡಿದರೆ ತಿರುಗಿಸಲು ಕೈಯಿಲ್ಲ, ತಿರುಗಿಸಿದರೆ ಬ್ರೇಕಿಗೆ ಕೈಯಿಲ್ಲ. ಆದ್ದರಿಂದ ಎರಡನ್ನೂ ದೇವರಿಗೆ ಬಿಟ್ಟ. ದಾರಿಯಲ್ಲಿ ಒಂದು ಕುರಿಮಂದೆ ತಾನಾಗಿಯೇ ಎರಡು ಪಾಲಾಗಿ ಅವನನ್ನು ಕಾಪಾಡಿತು.

ಬಂಗಾರಪೇಟೆ ಪ್ಲಾಟ್‌ಫಾರಮ್ಮಿಗೆ ಅವನು ನುಗ್ಗಿದಾಗ ರೈಲು ಸೀಟಿ ಹಾಕಿತ್ತು. ಟಪ್ಪಾಲು ಡಬ್ಬಿಯ ಬಾಗಿಲಲ್ಲಿ ನಿಂತವನು ಕೈ ಚಾಚಿ ಕೂಗಿದ, "ಬೇಗ ಎತ್ತಯ್ಯಾ!"

ಚೀಲ ಭಾರವಾಗಿತ್ತು. ಒಂದು ಕೈಯಲ್ಲಿ ಏಳಲಿಲ್ಲ. ಗಾಲಿ ಉರುಳತೊಡಗಿತು. ಚಿಕ್ಕಮುನಿಯಪ್ಪನ ಕಣ್ಣ ಮುಂದೆ ಅಪ್ಪ ಕೆಮ್ಮುತ್ತ ಕುಳಿತಿದ್ದ ಜಗಲಿ ಬಂದು ಹೋಯಿತು. ಅವನು ಎಡಗೈಯನ್ನು ಬಿಟ್ಟ. ಎರಡೂ ಕೈಯಲ್ಲಿ ಚೀಲ ಎತ್ತಿ ಎಸೆದ.

ಚೀಲ ಮೇಲೆ ಹೋಯಿತು. ನಿಕ್ಕರು ಕೆಳಗೆ ಬಂತು. ರೈಲಿನ ಕಿಟಕಿಗಳೆಲ್ಲ ಒಂದೊಂದಾಗಿ ಅವನನ್ನು ನೋಡುತ್ತ ಸಾಗಿದವು. ಅಂಗಿಯ ಕೆಳಗೆ ಲಂಗೋಟಿ ಇತ್ತು. ದೇವರು ದೊಡ್ಡವನು. ಚಿಕ್ಕಮುನಿಯಪ್ಪ ಕೈ ಮುಗಿದುಕೊಂಡು, ಕೊನೆಯ ಡಬ್ಬಿ ದಾಟುವವರೆಗೂ ಹಾಗೆಯೇ ನಿಂತಿದ್ದ.

ಅವನು ಹಿಂದಿರುಗಿದಾಗ ಆಫೀಸಿನ ಮೆಟ್ಟಿಲ ಹತ್ತಿರ ನರಸಮ್ಮ ಕಾಯುತ್ತಿದ್ದಳು. ಶ್ರೀನಿವಾಸಪ್ಪನವರು ಹೊರಗೆ ಬಂದರು.

"ಶಹಬಾಸ್ ಕಣಯ್ಯ. ಚೀಲ ಹತ್ತಿತಂತೆ, ಸ್ಟೇಷನ್ನಿಂದ ಫೋನ್ ಬಂತು. ನಿನಗೆ ಖಾಯಂ ಕೆಲಸ ಆಯ್ತು."

ನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರೆ ಟಪ್ಪಾಲಿಂದಲ್ಲ," ಎಂದರು ಅವರು, ಕನ್ನಡಕ ಒರೆಸುತ್ತ. "ಗೇಟಲ್ಲಿ ನಡೆದದ್ದನ್ನ ಕಾವಲಿನ ದೊರೆ ಕಿಟಕೀಲಿ ನಿಂತು ನೋಡಿದ್ರಪ್ಪ. ನಮ್ಮ ಕಾವಲುಗಾರರೂ ಚೂರಿ ಹಾಕದ ದಾರ ಒಂದಿದೆ ಅಂತ ಅವರಿಗೆ ಇವತ್ತೇ ಗೊತ್ತಾಗಿದ್ದು. ಇಷ್ಟು ಕಾಲ ಅದರಲ್ಲಿ ಎಷ್ಟು ಬಂಗಾರ ಹೋಗಿದೆಯೋ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಕೆಲಸ ಮುಗಿಸಿದೋರನ್ನ ಮೇಲಕ್ಕೆ ಎಳೆದು ತರೋ ಕೇಜು ಹತ್ತೋಕೆ ಮುಂಚೇನೇ ಒಬ್ಬೊಬ್ಬರ ಉಡಿದಾರ ಕೊಯ್ಯದೆ ಬಿಚ್ಚಿ, ನೋಡಿ, ಮತ್ತೆ ಕಟ್ಟೋನು ಬೇಕಂತೆ. ಆ ವಿದ್ಯೆ ನಿಮ್ಮ ಮನೇಲೇ ಇದೆಯಲ್ಲ."

"ಕೇಜು ಅತ್ತಕ್ಕೆ ಮುಂಚೆ ಅಂದ್ರೆ... ಎಲ್ಲಿ ಸ್ವಾಮಿ?"

"ಇನ್ನೆಲ್ಲಪ್ಪ? ಕೆಳಗೆ."

"ಟಪ್ಪಾಲು?"

"ಅದಕ್ಕೆ ದಪ್ಪ ಸೊಂಟದೋನು ಯಾರಾದ್ರೂ ಸಿಗ್ತಾನೆ. ನಿಕ್ಕರು ಹೇಗೂ ಇದೆ."

ನರಸಮ್ಮ ಸೆರಗಿಗೆ ಸಿಕ್ಕಿಸಿದ್ದ ದಬ್ಬಣವನ್ನು ತೆಗೆದು ಮಗನ ಅಂಗೈಯಲ್ಲಿಟ್ಟಳು.

ಖಾಯಂ ಆದವನಿಗೆ ಆಫೀಸಿನವರು ಅಳತೆ ತೆಗೆದು ಹೊಸ ನಿಕ್ಕರು ಹೊಲಿಸಿಕೊಟ್ಟರು. ಬೆಲ್ಟು ಬೇಡ, ಪಟ್ಟಿ ಬೇಡ, ದಾರ ಬೇಡ. ಸೊಂಟಕ್ಕೆ ಅಚ್ಚು ಹೊಯ್ದಂತೆ ಕೂತಿತ್ತು. ಅದನ್ನು ಹಾಕಿಕೊಂಡು ಚಿಕ್ಕಮುನಿಯಪ್ಪ ಕೇಜಿನಲ್ಲಿ ನೆಲದೊಳಕ್ಕೆ ಇಳಿದ. ಆ ಕತ್ತಲಲ್ಲಿ ಮೊದಲು ಕೈ ಎತ್ತಿ ಅವನ ಮುಂದೆ ನಿಂತವನು ಆಂಜಿನಪ್ಪ.

"ಮೆಲ್ಲಗೆ ಬಿಚ್ಚು ಕಣ್ಲಾ," ಎಂದ ಅವನು. "ಕಚಗುಳಿ ಆಯ್ತದೆ."

ಚಿಕ್ಕಮುನಿಯಪ್ಪ ಒಂದು ಸಲ ಕೆಮ್ಮಿ, ದಬ್ಬಣ ಹಿಡಿದು ಬಗ್ಗಿದ.