ಗವಿಸಿದ್ದೇಶನ ಡಿಸ್ಕ್ ಕಾವಲು

ಗವಿಸಿದ್ದೇಶ ಮುಂಜಾನೆ ಕಂಪ್ಯೂಟರಿಗೆ ಕೈಮುಗಿದೇ ಕುರ್ಚಿಯಲ್ಲಿ ಕೂತ. ಭಕ್ತಿಯೇನಲ್ಲ, ಬರೀ ಭಯ. ಸಿರುಗುಪ್ಪದ ಆ ಅಕ್ಕಿ ಗಿರಣಿಗೆ ಬರುವ ಲಾರಿಗಳೆಲ್ಲ ಅವನ ಕಿಟಕಿಯ ಮುಂದೆ ತೂಕವಾಗಬೇಕು, ಚೀಟಿ ಅದೇ ಕಂಪ್ಯೂಟರಿನಿಂದ ಬರಬೇಕು. ಅದರ ಹಾರ್ಡ್ ಡಿಸ್ಕ್ ನಿನ್ನೆಯೇ ಸತ್ತುಹೋಗಿತ್ತು!

ಈ ಸಾವಿನ ಸುದ್ದಿ ಗಿರಣಿಯ ಸಾವ್ಕಾರ ದೊಡ್ಡಬಸವರಾಜರಿಗೆ ಮುಟ್ಟಿರಲಿಲ್ಲ. "ಇನ್ನೊಮ್ಮೆ ಲಾರಿ ನಿಂತ್ವು ಅಂದ್ರ ನಿನ್ನ ಕುರ್ಚಿಯಾಗ ನಮ್ಮ ತಮ್ಮನ ಮಗ ಶೇಖರ್ ಕುಂದ್ರತಾನ, ನೋಡು" ಎಂದು ಅವರು ಮೊದಲೇ ಗದರಿದ್ದರು. ಹಾಗಾಗಿ ಬಳ್ಳಾರಿಯ ಗೆಳೆಯ ವೀರೇಶ ಗುಟ್ಟಾಗಿ ಬಂದು, ಲಿನಕ್ಸ್ ತಂತ್ರಾಂಶ ತುಂಬಿದ ಒಂದು ಸೀಡಿ ಡಿಸ್ಕನ್ನು ಡ್ರೈವಿಗೆ ಹಾಕಿ, ಅದರಿಂದಲೇ ಮಷಿನ್ ಎಬ್ಬಿಸಿ, ಹೇಗೋ ಚೀಟಿ ಬರುವಂತೆ ಮಾಡಿ, ಹೋಗುವಾಗ ಎಚ್ಚರಿಸಿದ್ದ.

"ಲೇ ಗವಿ, ಹೊಸಾ ಹಾರ್ಡ್ ಡಿಸ್ಕ್ ಶುಕ್ರವಾರ ತರ್ತೀನಿ. ಅಲ್ಲೀತನ ಮಷಿನ್ ಬಂದ್ ಮಾಡಬ್ಯಾಡ. ಓಡೋವಾಗ ಡಿಸ್ಕ್ ಹೊರಗ ತಗದ್ಯೋ, ಮುಗೀತು ನಿನ್ನ ಕತಿ!"

ಮುಂಜಾನೆ ಒಮ್ಮೆ ಚಹಾಕ್ಕೆ ಎದ್ದು ಹೋಗಿಬಂದದ್ದೇ ಕೊನೆ, ಆಮೇಲೆ ಗವಿ ಕುರ್ಚಿ ಬಿಟ್ಟಿರಲಿಲ್ಲ. ಎದ್ದುಹೋಗುವ ಪ್ರಸಂಗ ಬಂದೀತೆಂದು ನೀರನ್ನೂ ಮುಟ್ಟಿರಲಿಲ್ಲ. ಆದರೂ ಪ್ರಸಂಗ ಬಂದೇಬಿಟ್ಟಿತ್ತು, ತಡೆದುಕೊಂಡು ಕೂತಿದ್ದ. ಸಾಲದ್ದಕ್ಕೆ ಭತ್ತ ಒಣಹಾಕಿದ್ದ ಕಣದ ಕಡೆಯಿಂದ ಅದೇನೋ ಪಳಪಳ ಹೊಳೆದು ಕಣ್ಣಿಗೆ ಚುಚ್ಚುತ್ತಿತ್ತು. ಎದ್ದು ಕಿಟಕಿ ಮುಚ್ಚುವ ಧೈರ್ಯವೂ ಇಲ್ಲ.

ಮಧ್ಯಾಹ್ನ ಸಾವ್ಕಾರರು ಅತ್ತೆ ಜಂಬಮ್ಮನವರನ್ನು ಕರೆದುಕೊಂಡು ಒಳಗೆ ಬಂದರು. ಮೊಣಕಾಲು ನೋವೆಂದು ಕುರುಗೋಡಿನಿಂದ ಬಂದಿದ್ದ ಈ ಅಮ್ಮ, ಯಾರೂ ಕೇಳದಿದ್ದರೂ ಇಡೀ ಗಿರಣಿಯ ಉಸ್ತುವಾರಿ ಹೊತ್ತುಕೊಂಡಿದ್ದರು.

"ಗವಿ, ಊರಾಗ ಸೀಡಿ ಹಾಕೋ ಮಷಿನ್ ಇರೋದು ನಿಂದೊಂದ. ಬಳ್ಳಾರ್ಯಾಗ ಸ್ಕ್ಯಾನ್ ಮಾಡಿಸೀವಿ, ಇದ್ರಾಗ ಅತ್ತಿಯೋರ ಮೊಣಕಾಲು ಐತಿ. ಹಾಕು, ಫೋಟೊ ಹೊಡದು ಡಾಕ್ಟ್ರಿಗೆ ಕಳಸಬೇಕು."

ಗವಿ ಡ್ರೈವಿಗೆ ಅಡ್ಡವಾಗಿ ಬಾಗಿದ. "ಸಾವ್ಕಾರ್ರಿ, ಅದರ ಬಾಗ್ಲು ಬಿಗಿ ಹಿಡದೈತ್ರಿ."

"ಕೊಬ್ರಿ ಎಣ್ಣಿ ಬಿಟ್ರ ಸಡ್ಲಾಗತೈತ್ರಿ" ಎಂದು ಹಮಾಲಿ ಎರ್ರಣ್ಣ ಬಾಟಲಿ ಹುಡುಕಲು ಹೊರಟ. ಕಿಟಕಿಯಲ್ಲಿ ತಲೆ ಹಾಕಿದ ಆದೋನಿ ಕಡೆಯ ಲಾರಿ ಡ್ರೈವರ್, "ಏಮಯ್ಯಾ, ಒಂದು ಗುದ್ದು ಹಾಕು, ಬರತೈತಿ!" ಎಂದ. ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು.

ಗವಿ ಎರಡೂ ಅಂಗೈಯಿಂದ ಡ್ರೈವನ್ನು ಮುಚ್ಚಿ ಹಿಡಿದ. "ಬ್ಯಾಡ್ರಿ, ಕೈ ಮುಗಿತೀನಿ, ನಾಳೆ ಹಾಕೋಣ್ರಿ!"

"ಅಂಥಾದ್ದೇನು ಬಚ್ಚಿಟ್ಟೀಯಲೇ ಅದ್ರಾಗ?" ಸಾವ್ಕಾರರ ಹುಬ್ಬು ಮೇಲೇರಿತು.

"ಸರೀಪ್ಪಾ ಅತ್ಲಾಗ" ಎನ್ನುತ್ತ ಜಂಬಮ್ಮ ಅವನ ಕೈಯನ್ನು ತಳ್ಳಿ, ಪಳಗಿದ ಬೆರಳಿನಿಂದ ಗುಂಡಿ ಒತ್ತಿಯೇಬಿಟ್ಟರು. ಗವಿ ಕಣ್ಣು ಮುಚ್ಚಿಕೊಂಡ. ಆದರೆ ಪ್ರಿಂಟರಿನ ಕಿರ್‌ಕಿರ್ ನಿಲ್ಲಲಿಲ್ಲ. ಕಣ್ಣು ಬಿಟ್ಟರೆ ಪರದೆ ಎಂದಿನಂತೆಯೇ ಇದೆ. ಹೊರಬಂದ ಟ್ರೇ ಮಾತ್ರ ಖಾಲಿ!

"ಡಿಸ್ಕ್ ಎಲ್ರಿ?"

"ಆ ಹಳೇದಾ?" ಎಂದರು ಜಂಬಮ್ಮ. "ಮುಂಜಾನಿ ನೀ ಚಾ ಕುಡಿಯಾಕ ಹೋದಾಗ ನಾನ ತಗಂಡೆ. ಗುಬ್ಬಿ ನೆಲ್ಲು ತಿನ್ನಾಕತ್ತಿದ್ವಪ್ಪಾ. ಅವು ಹೆದರ್ಲಿ ಅಂತ ಅಲ್ಲಿ ಕಣದಾಗ ಕಟ್ಟೀನಿ ನೋಡು, ಹೆಂಗ ಮಿಂಚತೈತಿ!"

ಗವಿ ವೀರೇಶನಿಗೆ ಫೋನ್ ಮಾಡಿ ಪಿಸುಗುಟ್ಟಿದ. ಅವನು ಗಹಗಹಿಸಿ ನಕ್ಕ. "ಎಲ್ಲಾನೂ ಮೆಮೊರಿಗೆ ಏರಿಸೀನಲೇ! ಡಿಸ್ಕ್ ಬೇಕಾಗೋದು ಚಾಲೂ ಮಾಡೋವಾಗಷ್ಟ. ನಿನ್ನ ಕೈ ಸುಮ್ಮನಿರಂಗಿಲ್ಲ ಅಂತ ಹೆದರಿಸಿದ್ದೆ."

ಅಯ್ಯೋ, ಅರ್ಧ ದಿನ ಖಾಲಿ ಡಬ್ಬಿ ಕಾದೆನಲ್ಲಾ! ಗವಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೊಣಕಾಲಿನ ಸೀಡಿ ಹಾಕಿ ತೋರಿಸಿ, ತಡೆದಿಟ್ಟಿದ್ದ ಕೆಲಸಕ್ಕೆ ಹಿತ್ತಲಿಗೆ ಓಡಿದ. ಅಂಥ ಸುಖ ಅವನಿಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ.

ಮರಳಿ ಬಂದಾಗ ಕೋಣೆಯಲ್ಲಿ ಏನೋ ಸದ್ದು ಕಡಿಮೆಯಾದಂತಿತ್ತು.

"ಫೋಟೊ ಚಲೋ ಬಂದ್ವು ಗವಿ" ಎಂದರು ಸಾವ್ಕಾರರು, ಎಂದೂ ಇಲ್ಲದ ಅಕ್ಕರೆಯಿಂದ. "ಪಾಪ, ಮಷಿನ್ ಮುಟ್ಟಿದ್ರ ಸುಡ್ತಿತ್ತು. ಅದಕ್ಕೂ ಒಂದೀಟು ಆರಾಮ ಬೇಕಲ್ಲ? ನಾನ ಬಂದ್ ಮಾಡೀನಿ. ಹ್ಞೂಂ, ಈಗ ಚಾಲೂ ಮಾಡು, ಲಾರಿ ನಿಂತಾವು."

ಗವಿ ಕಣಕ್ಕೆ ಓಡಿದ. ಗಳಕ್ಕೆ ಕಟ್ಟಿದ್ದ ಡಿಸ್ಕನ್ನು ಹಿಡಿದು ನೋಡಿದರೆ, ಗಾಳಿಗೆ ಹಾರದಂತೆ ದಾರ ಬಿಗಿಯಲು ಜಂಬಮ್ಮ ಅದಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದಿದ್ದರು. ಕೆಳಗೆ ಗುಬ್ಬಿಗಳು ಆರಾಮವಾಗಿ ಭತ್ತ ತಿನ್ನುತ್ತಿದ್ದವು.

ಹಾರ್ನ್‌ಗಳ ನಡುವೆ, ಕಿಟಕಿಯಿಂದ ಸಾವ್ಕಾರರ ದನಿ ಕೇಳಿಸಿತು.

"ಹಲೋ, ಶೇಖರಾ? ಎಲ್ಲಿದ್ದೀಪ್ಪಾ, ಒಂದೀಟು ಗಿರಣಿ ಕಡಿ ಬಾ."