ಮಾವನವರ ದೊರೆ

ನಮ್ಮ ಮಾವ ಅಮೆರಿಕದಲ್ಲಿರೋ ನಮ್ಮೂರು ಕಮ್ಮಿಂಗ್‌ಗೆ ಬಂದರು ಅಂದರೆ ಮನೇಲಿ ಏನಾದರೊಂದು ಆಗ್ತಾನೇ ಇರುತ್ತೆ. ನಾವೇನೂ ಮಾಡಬೇಕಾಗಿಲ್ಲ, ಏರ್‌ಪೋರ್ಟಿಂದ ಕರೆದುಕೊಂಡು ಬಂದರೆ ಸಾಕು.

ಮಾವ ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಚರಿತ್ರೆ ಪಾಠ ಮಾಡಿ ರಿಟೈರ್ ಆದವರು. ಅವರ ತಲೆಯಲ್ಲಿ ಹದಿನೆಂಟನೇ ಶತಮಾನದ ಒಬ್ಬ ಬ್ರಿಟಿಷ್ ಸಿಪಾಯಿ ಬಿಡಾರ ಹೂಡಿದ್ದಾನೆ. ಮನೆಯಲ್ಲಿ ನಾವೆಲ್ಲ ಅವನನ್ನ ದೊರೆ ಅಂತೀವಿ. ದೊರೆ ಮೈಸೂರಿನ ಮೇಲೆ ಯುದ್ಧಕ್ಕೆ ಬಂದ, ಸೋತ, ಶ್ರೀರಂಗಪಟ್ಟಣದಲ್ಲಿ ಜೈಲು ಸೇರಿದ, ಅಲ್ಲೇ ನಮ್ಮ ಭಾಷೆ ಕಲಿತ, ಆಮೇಲೆ ಅದೇ ಆಸ್ಥಾನಕ್ಕೆ ರಾಯಭಾರಿಯಾಗಿ ವಾಪಸ್ ಬಂದ. ಇದು ಮಾವ ಮೊದಲೇ ಹೇಳಿಬಿಡೋ ಸಾರಾಂಶ. ಕಥೆ ಶುರು ಮಾಡಿದರೆ ಮಾತ್ರ ಜೈಲು ದಾಟೋವರೆಗೆ ಕೂತವರು ಯಾರೂ ಇಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ದೊರೆ ಒಳಗೇ ಇದ್ದಾನೆ.

ಹೋದ ವರ್ಷ ಅತ್ತೆ ಜೊತೆ ಬಂದಾಗ ದಸರೆ ಮುಗಿದ ವಾರಕ್ಕೇ ಅವರ ವಾಪಸ್ ಟಿಕೆಟ್. ಬಂದ ದಿನವೇ ನನ್ನ ಹತ್ತಿರ ಹೇಳಿದರು, “ಯಾರಾದ್ರೂ ಒಂದ್ಸಲ ಪೂರ್ತಿ ಕೇಳಿಬಿಟ್ರೆ ಸಾಕು ಕಣಮ್ಮ, ನೆಮ್ಮದಿಯಾಗಿ ಫ್ಲೈಟ್ ಹತ್ತುತೀನಿ.” ಪಾಪ ಅನ್ನಿಸಿತು. ಪಾಪ ಅನ್ನಿಸೋದು ಬೇರೆ, ಕೂತು ಕೇಳೋದು ಬೇರೆ. ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋದೆ.

ನಾಯಿ

ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ನಾಯಿ ಹಿಡ್ಕೊಂಡು ವಾಕ್ ಹೋಗೋ ಒಬ್ಬ ಅಮೆರಿಕನ್ ತಾತ ಇದ್ದಾರೆ. ಮಾವ ಅವರನ್ನ ಮೇಲ್‌ಬಾಕ್ಸ್ ಹತ್ತಿರ ಹಿಡಿದರು. ತಾತ ತಮ್ಮ ಮುತ್ತಜ್ಜನ ಮುತ್ತಜ್ಜ ಇದೇ ಸೀಮೆಯಲ್ಲಿ ಬ್ರಿಟಿಷರ ಮೇಲೆ ಬಂದೂಕು ಹಿಡಿದಿದ್ದರು ಅಂದರಂತೆ. ಮಾವನಿಗೆ ಸ್ವರ್ಗ ಮೂರೇ ಗೇಣು. “ನಾವೂ ಅಷ್ಟೇ!” ಅಂತ ಕೈ ಕುಲುಕಿ ದೊರೆಯನ್ನ ಹಡಗಿನಿಂದ ಇಳಿಸಿದರು.

ದೊರೆ ಕಾಂಚೀಪುರದ ಹತ್ತಿರ ಬರೋ ಹೊತ್ತಿಗೆ ನಾಯಿ ಅಳಿಲು ಕಂಡು ಓಟ ಕಿತ್ತಿತು. ಅದರ ಹಗ್ಗ ಹಿಡಿದಿದ್ದ ತಾತನೂ ಓಡಿದರು. ಮಾವ ಸಪ್ಪೆ ಮುಖ ಹಾಕ್ಕೊಂಡು ವಾಪಸ್ ಬಂದರು.

“ಮನುಷ್ಯ ತುಂಬಾ ಒಳ್ಳೆಯೋನಮ್ಮ. ನಾಯಿಗೇ ಚರಿತ್ರೆ ಅಂದ್ರೆ ಆಗಲ್ಲ.”

ಟ್ರಾಫಿಕ್

ನನ್ನ ಗಂಡನಿಗೆ ಅಲ್ಫರೆಟಾದಲ್ಲಿ ಆಫೀಸು. ಒಂದು ದಿನ ಮಾವ, “ನಾನೂ ಬರ್ತೀನಿ ಕಣೋ, ಊರು ನೋಡ್ದಂಗಾಗುತ್ತೆ” ಅಂತ ಕಾರು ಹತ್ತಿದರು. ಅವರು ನೋಡಿದ್ದು ಊರನ್ನಲ್ಲ, ಜಿಎ ಫೋರ್ ಹಂಡ್ರೆಡ್ ಹೈವೇ ಟ್ರಾಫಿಕ್ಕನ್ನ. ಮಗನಿಗೆ ಬಾಗಿಲು ತೆಗೆದು ಓಡೋಕೂ ಜಾಗ ಇಲ್ಲ. ಇದಕ್ಕಿಂತ ಒಳ್ಳೆ ಮುಹೂರ್ತ ಸಿಗುತ್ತಾ? ಯುದ್ಧ ಶುರು ಮಾಡಿಬಿಟ್ಟರು.

ಅಷ್ಟರಲ್ಲಿ ಮಗ ಕಾರಿನ ಸ್ಪೀಕರಲ್ಲಿ ಆಫೀಸ್ ಮೀಟಿಂಗ್ ಜಾಯಿನ್ ಆಗಿದ್ದಾನೆ. ಮ್ಯೂಟ್ ಮಾಡೋದು ಮರೆತಿದ್ದಾನೆ. ಕಾಲಿಗೆ ಬೇಡಿ, ಕತ್ತಲೆ ಕೋಣೆ, ಅರ್ಧ ಸೇರು ರಾಗಿ ಹಿಟ್ಟು ಎಲ್ಲಾ ಇಡೀ ಟೀಮಿಗೆ ಕೇಳಿಸಿದೆ. ಉಳಿದವರಿಗೆ ತಲೆಬುಡ ತಿಳಿದಿಲ್ಲ. ಟೀಮಲ್ಲಿ ಒಬ್ಬ ಬೆಂಗಳೂರಿನವನಿದ್ದಾನೆ. ಮೀಟಿಂಗ್ ಮುಗಿದ ತಕ್ಷಣ ಅವನೊಂದು ಮೆಸೇಜ್ ಕಳಿಸಿದ:

“ಗುರೂ, ನಿಮ್ಮನೇಲಿ ಯಾರಿಗೋ ಜೈಲಾಗಿದೆ ಅಂತ ಗೊತ್ತಾಯ್ತು. ಯಾರಿಗೂ ಹೇಳಲ್ಲ. ಒಳ್ಳೆ ಲಾಯರ್ ಇದ್ದಾರೆ, ನಂಬರ್ ಕೊಡ್ಲಾ?”

ಬಾಯಿ

ನವರಾತ್ರಿಗೆ ನಾನು ಗೊಂಬೆ ಕೂರಿಸೋದು ತಪ್ಪಿಸಲ್ಲ. ಈ ದೇಶದಲ್ಲಿ ದಸರೆಗೂ ಮುಂಚೆಯೇ ಅಂಗಡಿಗಳಲ್ಲಿ ಕ್ರಿಸ್ಮಸ್ ಸಾಮಾನು ಬಂದುಬಿಡುತ್ತೆ. ಮಾವ ಅಲ್ಲಿಂದ ಒಂದು ಮರದ ಸಿಪಾಯಿ ತಂದರು. ಕೆಂಪು ಕೋಟು, ಎತ್ತರದ ಟೋಪಿ. ಬೆನ್ನ ಹಿಂದಿನ ಹಿಡಿ ಎತ್ತಿದರೆ ಬಾಯಿ ತೆರೆಯುತ್ತೆ, ಆ ಬಾಯಿಗೆ ಅಕ್ರೋಟು ಇಟ್ಟು ಒಡೀಬಹುದು.

ತಂದವರೇ ಅದನ್ನ ಪಟ್ಟದ ಗೊಂಬೆಗಳ ಪಕ್ಕದಲ್ಲಿ ನಿಲ್ಲಿಸಿದರು. “ತಾತಾ, ದಟ್ಸ್ ಎ ನಟ್‌ಕ್ರ್ಯಾಕರ್” ಅಂದಳು ನನ್ನ ಮಗಳು.

“ರೀ, ರಾಜ ರಾಣಿ ಪಕ್ಕ ಇವನ್ಯಾಕ್ರೀ?” ಅಂತ ಅತ್ತೆ ರೇಗಿದರು.

“ರಾಯಭಾರಿ ಕಣೇ. ರಾಜನ ಪಕ್ಕ ಅಲ್ದೆ ಇನ್ನೆಲ್ಲಿ ನಿಲ್ತಾನೆ?”

ಅತ್ತೆ ಹಿಡಿ ಒತ್ತಿ ನೋಡಿದರು. ಅದು ಸಿಕ್ಕಿಹಾಕಿಕೊಂಡಿತ್ತು, ಬಾಯಿ ಮುಚ್ಚಲೇ ಇಲ್ಲ.

“ಸರಿ ಬಿಡಿ,” ಅಂದರು ಅತ್ತೆ, “ನಿಮ್ಮ ಪೈಕಿಯೋನೇ.”

ತಾಂಬೂಲ

ಶುಕ್ರವಾರ ಸಂಜೆ ಗೊಂಬೆ ನೋಡೋಕೆ ಏಳೆಂಟು ಜನ ಹೆಂಗಸರು ಬಂದರು. ಎಲ್ಲರಿಗೂ ಇನ್ನೂ ಎರಡು ಮೂರು ಮನೆಗೆ ಹೋಗೋದಿತ್ತು. ಉಸಲಿ ತಿಂದು ಎದ್ದೇಬಿಟ್ಟರು. “ಕುಂಕುಮ ಕೊಟ್ಬಿಡಿ, ಹೊರಡ್ತೀವಿ.”

ಒಳಗೆ ಹೋಗಿ ನೋಡ್ತೀನಿ, ತಟ್ಟೆಯೇ ಇಲ್ಲ! ಕುಂಕುಮದ ಬಟ್ಟಲು, ಎಲೆ ಅಡಿಕೆ, ತೆಂಗಿನಕಾಯಿ ಎಲ್ಲ ಮಾಯ. ಹೊರಗೆ ಬಂದರೆ ಸೋಫಾ ಮೇಲೆ ಮಾವ, ಮಾವನ ತೊಡೆ ಮೇಲೆ ತಟ್ಟೆ.

“ಕೂತ್ಕೊಳಿ ಕೂತ್ಕೊಳಿ. ಗೊಂಬೆ ನೋಡಿದ್ಮೇಲೆ ಗೊಂಬೆ ಕಥೆ ಕೇಳ್ದೆ ಹೋಗ್ತಾರಾ?”

ಅರಿಶಿನ ಕುಂಕುಮ ತಗೊಳ್ಳದೆ ಯಾವ ಹೆಂಗಸು ಹೊಸಿಲು ದಾಟ್ತಾಳೆ? ಎಲ್ಲರೂ ಗಡಿಯಾರ ನೋಡುತ್ತಾ ಕೂತರು. ನಾನು ನಾಚಿಕೆಯಿಂದ ಸತ್ತೇ ಹೋದೆ. ಆದರೆ ನೋಡಿ, ಆವತ್ತು ದೊರೆ ಸೋತ, ಜೈಲು ಸೇರಿದ, ನನ್ನ ಕಣ್ಣೆದುರೇ ಬಿಡುಗಡೆಯೂ ಆದ! ರಾಯಭಾರಿಯಾಗಿ ಆಸ್ಥಾನಕ್ಕೆ ಬಂದು ಕೂತ.

“ಆಗಿನ ಕಾಲದಲ್ಲಿ,” ಅಂದರು ಮಾವ, “ಪ್ರಭುಗಳು ವೀಳ್ಯ ಕೊಟ್ರೆ ಇನ್ನು ಹೊರಡಬಹುದು ಅಂತ ಅರ್ಥ. ಕೊಡೋವರೆಗೂ ಏಳೋ ಹಾಗಿಲ್ಲ. ಪ್ರಭುಗಳು ಕೊಡ್ತಾನೇ ಇಲ್ಲ! ದೊರೆ ಬೆವರ್ತಾ ಇದ್ದಾನೆ, ಬೂಟೊಳಗೆ ಕಾಲು ಜೋಮು ಹಿಡಿದಿದೆ...”

ಹೆಂಗಸರು ತಟ್ಟೆ ನೋಡಿದರು, ಮಾವನ ಮುಖ ನೋಡಿದರು. ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದ, ಪಕ್ಕದ ಬೀದಿಯ ಮುಸ್ಲಿಂ ಹುಡುಗಿ ಸೋಫಾ ತುದಿಗೆ ಬಂದು ಕೇಳಿದಳು, “ಆಮೇಲೆ ಅಂಕಲ್?”

ಆ ಮಾತನ್ನ ಮಾವ ಜೀವಮಾನದಲ್ಲೇ ಕೇಳಿರಲಿಲ್ಲ. ನೆಟ್ಟಗೆ ಕೂತು ಬಾಯಿ ತೆಗೆದರು. ಅಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆ ಬಿರಬಿರನೆ ಬಂದರು.

“ಆಮೇಲೆ ಒಳಗಿಂದ ರಾಣಿ ಬಂದು, ತಟ್ಟೆ ಕಿತ್ಕೊಂಡು, ತಾನೇ ವೀಳ್ಯ ಕೊಟ್ಟು ಕಳಿಸಿದಳು.” ಹೇಳುತ್ತಾ ಹೇಳುತ್ತಾ ತಟ್ಟೆ ಕಿತ್ಕೊಂಡೇಬಿಟ್ಟರು.

“ಚರಿತ್ರೇಲಿ ಹಾಗಿಲ್ಲ ಕಣೇ!”

“ಇಲ್ದಿದ್ರೆ ಈಗ ಸೇರಿಸ್ಕೊಳಿ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆ ಕುಂಕುಮ ಕೊಟ್ಟರು, ಹೂ ಕೊಟ್ಟರು, ತಾಂಬೂಲ ಕೊಟ್ಟರು. ಇನ್ನು ಯಾರಿಗೂ ಅಡ್ಡಿಯಿಲ್ಲ. ಆದರೆ ಒಬ್ಬರೂ ಏಳಲಿಲ್ಲ. ತಾಂಬೂಲವನ್ನ ಮಡಿಲಲ್ಲಿಟ್ಟುಕೊಂಡು, “ಅಂಕಲ್, ನಿಜವಾಗ್ಲೂ ಏನಾಯ್ತು ಹೇಳಿ” ಅಂತ ಸೋಫಾಗೆ ಒರಗಿ ಕೂತರು. ಮಾವ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡು ಶುರು ಮಾಡಿದರು. ನನಗೂ ಎಷ್ಟು ಸಂತೋಷವಾಯಿತೆಂದರೆ ನೆಲದ ಮೇಲೇ ಕೂತುಬಿಟ್ಟೆ.

ಅತ್ತೆ ಖಾಲಿ ತಟ್ಟೆ ಹಿಡಿದು ನನ್ನ ಭುಜ ತಟ್ಟಿದರು.

“ಏಳಮ್ಮ, ಎಲ್ಲರಿಗೂ ಕಾಫಿಗಿಡು. ದೊರೆ ಇನ್ನೂ ಮದುವೆಯಾಗಿ, ಲಂಡನ್‌ಗೆ ವಾಪಸ್ ಹೋಗಿ ಸಾಯಬೇಕು.”